ಅಧ್ಯಕ್ಷರ ಕೋಟಿಗೆ ಒಪ್ಪುವ ಬೆಳಕು

ಬಲ್ಬು ಸುಟ್ಟುಹೋದರೆ ಇನ್ನೊಂದು ತಂದು ಹಾಕುವುದು ಎಲ್ಲರೂ ಮಾಡುವ ಕೆಲಸ. ಎಲ್ಲರೂ ಮಾಡುವ ಕೆಲಸವನ್ನು ಎಲ್ಲರ ಹಾಗೆಯೇ ಮಾಡುವುದಾದರೆ ತಾವು ಬೇರೆ ಯಾಕೆ ಹುಟ್ಟಬೇಕಿತ್ತು ಎಂಬುದು ನಮ್ಮ ಕಥಾನಾಯಕರ ಸಿದ್ಧಾಂತ. ನೀರು ಸರಬರಾಜು ಕಚೇರಿಯಲ್ಲಿ ಅವರು ಗುಮಾಸ್ತರು. ಹಗಲೆಲ್ಲ ಕುರ್ಚಿಯಲ್ಲಿ ಕೂತು, ಸಂಜೆ ಮನೆಗೆ ಬರುವ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಬೇಕಾದ ಸಲಹೆ, ಬೇಡವಾದ ಸಲಹೆ ಎರಡನ್ನೂ ಹಂಚಿ ಹಗುರಾಗುವುದು ಅವರ ದಿನಚರಿ. ಮಂಡಿನೋವಿಗೆ ಯಾವ ಎಣ್ಣೆ, ಸೋರುವ ತಾರಸಿಗೆ ಯಾವ ಸಿಮೆಂಟು, ಅಳುವ ಮಗುವನ್ನು ಯಾವ ಮಗ್ಗುಲಿಗೆ ಮಲಗಿಸಬೇಕು, ಎಲ್ಲಕ್ಕೂ ಅವರ ಬಳಿ ಉತ್ತರ ಸಿದ್ಧವಿತ್ತು. ಅದಕ್ಕೇ ಬೀದಿಯವರು ಅವರಿಗೆ 'ತಜ್ಞರು' ಎಂದು ಹೆಸರಿಟ್ಟಿದ್ದರು. ಹಾಗೆ ಕರೆಯುವಾಗ ಬೀದಿಯವರು ನಗುತ್ತಿದ್ದರು. ಅದು ಗೌರವದ ನಗು ಎಂದೇ ತಜ್ಞರು ತಿಳಿದಿದ್ದರು.

ಅವರ ಹೆಂಡತಿಗೆ ಮಾತ್ರ ಸಲಹೆ ಕೇಳಲು ಪುರಸೊತ್ತಿರಲಿಲ್ಲ. ನಡುಮನೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಬೀದಿಯವರ ಅಂಗಿ, ಲಂಗ, ಪರದೆ, ದಿಂಬಿನ ಗವಸುಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಆ ನಡುಮನೆಗೆ ಕಿಟಕಿ ಒಂದಿತ್ತು, ಆದರೆ ಪಕ್ಕದ ಮನೆಯವರು ಅದರ ಮೂಗಿಗೆ ತಾಗುವಂತೆ ಗೋಡೆ ಎಬ್ಬಿಸಿದ್ದರಿಂದ ಹಗಲಲ್ಲೂ ದೀಪ ಹಾಕಿಯೇ ಸೂಜಿಗೆ ದಾರ ಪೋಣಿಸಬೇಕು. ಮುಖ್ಯರಸ್ತೆಯ ತಿರುವಿನಲ್ಲಿ ಒಂದು ಮಳಿಗೆ ಬಹಳ ದಿನದಿಂದ ಖಾಲಿ ಬಿದ್ದಿತ್ತು. ಅದರ ಮುಂದೆ ಹಾದುಹೋಗುವಾಗಲೆಲ್ಲ ಅವಳ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಮಷೀನು ಎಲ್ಲಿಡಬೇಕು, ಕತ್ತರಿಸುವ ಮೇಜು ಎಲ್ಲಿ, ಕನ್ನಡಿ ಎಲ್ಲಿ ಎಂದು ಮನಸ್ಸಿನಲ್ಲೇ ಅವಳು ಆ ಮಳಿಗೆಯನ್ನು ಎಷ್ಟೋ ಸಲ ತುಂಬಿ ಮುಗಿಸಿದ್ದಳು.

ಈಗ ಆ ಮಳಿಗೆ ನಿಜವಾಗಿಯೂ ಕೈಗೆ ಬರುವ ಕಾಲ ಬಂದಿತ್ತು. ನಗರಸಭೆಯ ಅಧ್ಯಕ್ಷರು ಹೊಸ ಸಭಾಭವನದ ಉದ್ಘಾಟನೆಗೆ ಹಾಕಿಕೊಳ್ಳಲು ಕರಿಯ ಕೋಟೊಂದನ್ನು ಅವಳ ಕೈಲೇ ಹೊಲಿಸುತ್ತಿದ್ದರು. "ಕೋಟು ಚೆನ್ನಾಗಿ ಕೂತ್ರೆ, ನಮ್ಮ ಸಿಬ್ಬಂದಿಯ ಸಮವಸ್ತ್ರ ಎಲ್ಲಾ ನಿಮಗೇ ಕೊಡಿಸ್ತೀನಿ ಅಮ್ಮ" ಎಂದು ಮಾತೂ ಕೊಟ್ಟಿದ್ದರು. ಸಮವಸ್ತ್ರ ಬಂದರೆ ಮಳಿಗೆ ಬಂದ ಹಾಗೆ. ಕೋಟು ಕೆಟ್ಟರೆ ಬಿಸಿಲು ಕಾಣದ ನಡುಮನೆಯೇ ಗತಿ.

ಇಂಥ ಹೊತ್ತಿನಲ್ಲಿ ನಡುಮನೆಯ ಬಲ್ಬು ಒಂದು ಸಲ ಕಣ್ಣು ಹೊಡೆದು ಆರಿಹೋಯಿತು. ಅದರ ಜೊತೆಗೆ ಇನ್ನೊಂದು ತೊಂದರೆ ಬೇರೆ. ಅಧ್ಯಕ್ಷರು ತಾವೇ ತಂದುಕೊಟ್ಟಿದ್ದ ಬಟ್ಟೆ ಅವರ ಮೈಗೇ ಮುಗಿದುಹೋಗಿ ತೋಳುಗಳಿಗೆ ಸಾಲದಾಗಿತ್ತು.

"ರೀ, ಎರಡು ಕೆಲಸ. ಎರಡೂ ಸಣ್ಣ ಕೆಲಸ" ಎಂದಳು ಹೆಂಡತಿ, ಕರಿಯ ಬಟ್ಟೆಯ ಒಂದು ಚೂರನ್ನು ಅವರ ಅಂಗಿಯ ಜೇಬಿಗೆ ತುರುಕುತ್ತಾ. "ಒಂದು ಬಿಳೀ ಬಲ್ಬು. ಮೊದಲಿದ್ದಂಥದ್ದೇ. ಇನ್ನೊಂದು, ಈ ಚೂರಿಗೆ ಹೊಂದೋ ಬಟ್ಟೆ, ಎರಡು ತೋಳಿಗಾಗುವಷ್ಟು. ಅಂಗಡಿ ಒಳಗೆ ನೋಡಿ ತರಬೇಡಿ. ಬಾಗಿಲಿಗೆ ಬಂದು ಎರಡನ್ನೂ ಬಿಸಿಲಿಗೆ ಹಿಡಿದು ನೋಡಿ ತನ್ನಿ."

"ಕರೀ ಬಣ್ಣ ನೋಡೋದಕ್ಕೂ ಬಿಸಿಲು ಬೇಕಾ? ನನಗೇನು ಕಣ್ಣಿಲ್ವಾ?"

"ಕಣ್ಣಿದೆ. ಬಿಸಿಲಿಗೆ ಹಿಡಿದು ನೋಡಿ."

ತಜ್ಞರು ಚೀಲ ಹಿಡಿದು ಹೊರಟರು.

ಬಲ್ಬಿನ ಅಂಗಡಿಯಲ್ಲಿ ಅವರ ಗ್ರಹಚಾರ ಅವರಿಗಿಂತ ಮೊದಲೇ ಬಂದು ನಿಂತಿತ್ತು. ಅದು ಅವರ ಷಡ್ಡಕ. ಹೆಂಡತಿಯ ಅಕ್ಕನ ಗಂಡ, ಮಂಚ ಕುರ್ಚಿ ಮಾರುವ ಅಂಗಡಿಯ ಮಾಲೀಕ, ಮೊನ್ನೆ ಮೊನ್ನೆ ಹೊಸ ಮನೆ ಕಟ್ಟಿಸಿದವನು. ಆ ಮನೆಯಲ್ಲಿ ಮೆಟ್ಟಿಲಿನ ಕೆಳಗೆ ದೀಪ, ಕನ್ನಡಿಯ ಹಿಂದೆ ದೀಪ, ಬೀರುವಿನ ಒಳಗೂ ದೀಪ. ಬಚ್ಚಲಿಗೆಂದು ಸ್ವಿಚ್ಚು ಒತ್ತಿದರೆ ಅಂಗಳ ಬೆಳಗುತ್ತಿತ್ತು. ಗೃಹಪ್ರವೇಶವಾದ ದಿನದಿಂದ ತಜ್ಞರ ಹೊಟ್ಟೆಯೊಳಗೂ ಏನೋ ಒಂದು ಸಣ್ಣಗೆ ಉರಿಯುತ್ತಲೇ ಇತ್ತು.

"ಏನ್ ತಜ್ಞರೇ, ಬಲ್ಬಾ?" ಎಂದ ಷಡ್ಡಕ. "ನಿಮ್ಮನೆಗೇನು ಬಿಡಿ, ಒಂದು ಬಿಳೀದು ತಗೊಂಡ್ಹೋಗಿ, ಧಾರಾಳ ಆಯ್ತು."

ತಜ್ಞರು ಕೇಳಬೇಕೆಂದು ಬಂದದ್ದೂ ಬಿಳಿಯ ಬಲ್ಬನ್ನೇ. ಆದರೆ ಆ 'ಧಾರಾಳ' ಅವರಿಗೆ ಚುಚ್ಚಿತು. ಅಂಗಡಿಯವನು ಬಿಳಿಯದೊಂದು, ಹೊಂಬಣ್ಣದ್ದೊಂದು ಉರಿಸಿ ತೋರಿಸುತ್ತಾ, "ಯಾವುದು ಕಟ್ಟಲಿ?" ಎಂದ.

"ಬಿಳೀದಾ?" ಎಂದರು ತಜ್ಞರು, ಯಾರೋ ಬೈದಂತೆ ಮುಖ ಮಾಡಿ. "ಬಿಳೀ ಬೆಳಕು ಆಸ್ಪತ್ರೆಗೆ ಸರಿ, ಪೊಲೀಸ್ ಠಾಣೆಗೆ ಸರಿ. ಸಂಸಾರಸ್ಥರ ಮನೆಗೆ ಹೊಂಬೆಳಕೇ ಆಗಬೇಕು. ಅದರ ಕೆಳಗೆ ಕೂತ್ರೆ ರಕ್ತದ ಓಟ ಹದಕ್ಕೆ ಬರುತ್ತೆ. ಉಂಡಿದ್ದು ಅರಗುತ್ತೆ. ಗಂಡ ಹೆಂಡಿರ ಜಗಳ ಅರ್ಧಕ್ಕರ್ಧ ಕಮ್ಮಿ ಆಗುತ್ತೆ. ಬಲ್ಲವರ ಮನೆಗಳಲ್ಲಿ ಈಗ ಬಿಳೀದು ಹಾಕೋದೇ ಇಲ್ಲ ಭಾವ, ನಿಮಗೆ ಗೊತ್ತಿರಬೇಕಲ್ಲ?"

ಇದನ್ನೆಲ್ಲ ಅವರು ಎಲ್ಲೂ ಓದಿರಲಿಲ್ಲ, ಯಾರಿಂದಲೂ ಕೇಳಿರಲಿಲ್ಲ. ಆದರೆ ತಮ್ಮ ಬಾಯಿಂದ ಬಂದ ಮಾತು ಕಿವಿಗೆ ಬಿದ್ದೊಡನೆ ಅದು ಸತ್ಯವೆಂದು ಅವರಿಗೇ ಖಾತ್ರಿಯಾಗಿಬಿಡುತ್ತಿತ್ತು. ಷಡ್ಡಕನ ಕೈಯಲ್ಲಿದ್ದ ಬಿಳಿಯ ಬಲ್ಬಿನ ಡಬ್ಬಗಳು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿದವು. ಅಂಗಡಿಯವನಂತೂ ಬಾಯಿ ತೆರೆದು ನಿಂತಿದ್ದ. ಅವನ ಹಿಂದಿನ ಕೋಣೆಯಲ್ಲಿ ಹೊಂಬಣ್ಣದ ಬಲ್ಬುಗಳ ರಾಶಿ ಮಾರಾಟವಾಗದೆ ಧೂಳು ತಿನ್ನುತ್ತಿತ್ತು.

"ಇದನ್ನೆಲ್ಲ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಸ್ವಾಮಿ?" ಎಂದ ಅವನು, ಹೊಂಬಣ್ಣದ್ದನ್ನು ಕಟ್ಟಿಕೊಡುತ್ತಾ.

ಗೆದ್ದ ಹುರುಪಿನಲ್ಲಿ ತಜ್ಞರು ಬಟ್ಟೆಯಂಗಡಿಗೆ ನಡೆದರು. ಷಡ್ಡಕ ಬಿಡದೆ ಜೊತೆಗೇ ಬಂದ. ಈಗ ಅವನ ಕಣ್ಣೆದುರಿಗೇ ಬಟ್ಟೆ ಎತ್ತಿಕೊಂಡು ಬಾಗಿಲಿಗೆ ಬಂದು, ಕಣ್ಣು ಕಿರಿದು ಮಾಡಿ ಬಿಸಿಲಿಗೆ ಹಿಡಿಯುವುದೆಂದರೆ ಏನು ಚೆಂದ? ಬಣ್ಣ ಗುರುತಿಸಲು ಬಾರದವರು ಮಾಡುವ ಕೆಲಸ ಅದು. ಅಂಗಡಿಯೊಳಗೆ ತೂಗುಬಿಟ್ಟಿದ್ದ ಹಳದಿ ದೀಪದ ಕೆಳಗೆ ಚೂರನ್ನೊಮ್ಮೆ ಆಡಿಸಿ, "ಇದೇ, ಕತ್ತರಿಸಿ" ಎಂದುಬಿಟ್ಟರು.

ಮನೆಗೆ ಬಂದು ಬಲ್ಬು ಹಾಕಿದಾಗ ಹೆಂಡತಿ ಮೇಲೆ ನೋಡಿದಳು. "ಇದೇನ್ರೀ ಇದು, ನಡುಮನೆಗೆ ಕಾಮಾಲೆ ಬಂದ ಹಾಗಿದೆ?"

"ಹೊಂಬೆಳಕು ಅಂತಾರೆ ಇದಕ್ಕೆ. ಕಣ್ಣಿಗೆ ತಂಪು. ನಿನ್ನ ಒಳ್ಳೇದಕ್ಕೇ ತಂದಿದ್ದು."

ಜಗಳ ಆಡಲು ಅವಳಿಗೆ ಸಮಯವಿರಲಿಲ್ಲ. ತೋಳಿನ ಬಟ್ಟೆಯನ್ನು ಕೋಟಿನ ಮೇಲಿಟ್ಟು ನೋಡಿದಳು. ಆ ಬೆಳಕಿನಲ್ಲಿ ಎರಡೂ ಒಂದೇ ಕಪ್ಪು. ಆದರೂ ಕೇಳಿದಳು, "ಬಿಸಿಲಿಗೆ ಹಿಡಿದು ನೋಡಿದ್ರಾ?"

"ನೋಡಿದೆ ಅಂದ್ನಲ್ಲ" ಎಂದರು ತಜ್ಞರು. ಅವರು ಅಂದಿರಲಿಲ್ಲ, ನೋಡಿಯೂ ಇರಲಿಲ್ಲ. ಹೆಂಡತಿ ಮಷೀನಿನ ಮುಂದೆ ಕೂತಳು.

ಹೊಂಬೆಳಕು ಬೀದಿಯಲ್ಲೆಲ್ಲ ಸುದ್ದಿಯಾಯಿತು. ರವಿಕೆಯ ಅಳತೆ ಕೊಡಲು ಬಂದ ಪಕ್ಕದ ಮನೆಯಾಕೆ ಕನ್ನಡಿಯಲ್ಲಿ ಮುಖ ನೋಡಿಕೊಂಡವಳು ಅಲ್ಲೇ ನಿಂತುಬಿಟ್ಟಳು. "ಅಯ್ಯೋ, ನನ್ನ ಕಣ್ಣಿನ ಕೆಳಗಿನ ಕಪ್ಪೆಲ್ಲಾ ಎಲ್ಲೋಯ್ತು?" ಎಂದು ಕೆನ್ನೆ ಸವರಿಕೊಂಡಳು. ಮಾರನೆಯ ದಿನ ಅವಳ ಅತ್ತಿಗೆ ಬಂದಳು, ಅತ್ತಿಗೆಯ ಹಿಂದೆ ಅತ್ತಿಗೆಯ ಅತ್ತೆ ಬಂದಳು. ಹೊಲಿಸುವುದಕ್ಕೇನೂ ಇರಲಿಲ್ಲ, ಎಲ್ಲರಿಗೂ ಕನ್ನಡಿ ಬೇಕಾಗಿತ್ತು. ತಜ್ಞರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ರಕ್ತದ ಓಟದ ವಿಚಾರ ತಿಳಿಸಿದರು.

ಕೊನೆಗೆ ಅಧ್ಯಕ್ಷರೇ ಕೋಟು ಹಾಕಿ ನೋಡಲು ಬಂದರು. ಹೊಂಬೆಳಕಿನ ಕನ್ನಡಿಯಲ್ಲಿ ತಮ್ಮನ್ನು ತಾವು ನೋಡಿ, ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಹೊಟ್ಟೆ ಒಳಗೆಳೆದು, ಮತ್ತೆ ಬಿಟ್ಟು, "ಆಹಾ! ಮದುವೆ ಆದ ವರ್ಷ ಹೀಗಿದ್ದೆ ಕಣ್ರೀ!" ಎಂದು ಉದ್ಗರಿಸಿದರು. ಸಮವಸ್ತ್ರದ ಮಾತನ್ನು ತಾವಾಗಿಯೇ ಇನ್ನೊಂದು ಸಲ ಎತ್ತಿದರು. "ಉದ್ಘಾಟನೆ ದಿನ ಇಸ್ತ್ರಿ ಮಾಡಿಸಿ ಕಳಿಸಿಕೊಡಿ" ಎಂದು ಕೋಟು ಅಲ್ಲೇ ಬಿಟ್ಟು ಹೋದರು. ಅವತ್ತು ಹೆಂಡತಿ ಕೆಲಸ ಮಾಡುತ್ತಾ ಹಾಡು ಗುನುಗಿದಳು. ಅವಳು ಹಾಡು ಗುನುಗಿದ್ದು ಕೇಳಿ ಎಷ್ಟೋ ಕಾಲವಾಗಿತ್ತು. ತಜ್ಞರಿಗೆ ನಿಜವಾಗಿಯೂ ಸಂತೋಷವಾಯಿತು, ಮತ್ತು ಅದಕ್ಕೆಲ್ಲ ತಾವು ತಂದ ಬಲ್ಬೇ ಕಾರಣ ಎಂದು ಇನ್ನಷ್ಟು ಸಂತೋಷವಾಯಿತು.

ಉದ್ಘಾಟನೆಯ ದಿನ ಬೆಳಿಗ್ಗೆ ಕೋಟನ್ನು ಇಸ್ತ್ರಿಗೆ ಒಯ್ದವರು ತಜ್ಞರೇ. ಇಸ್ತ್ರಿಯವನ ತಳ್ಳುಗಾಡಿ ಬೀದಿಯ ಕೊನೆಯಲ್ಲಿ, ಎಳೆಬಿಸಿಲಿನಲ್ಲಿ ನಿಂತಿತ್ತು. ಅವನು ಕೋಟನ್ನು ಗಾಡಿಯ ಮೇಲೆ ಹರಡಿ, ನೀರು ಚಿಮುಕಿಸಲು ಹೋದವನು ಕೈ ತಡೆದ.

"ತಜ್ಞರೇ, ಕೋಟು ಯಾರ್ದು?"

"ಅಧ್ಯಕ್ಷರದು."

"ಮತ್ತೆ ತೋಳು?"

"ತೋಳೂ ಅಧ್ಯಕ್ಷರದೇ ಕಣಯ್ಯ!"

"ಹಾಗಾದ್ರೆ ಮೈ ಯಾರ್ದು?"

ತಜ್ಞರು ಬಗ್ಗಿ ನೋಡಿದರು. ಕೋಟಿನ ಮೈ ಬಾಣಲೆಯ ತಳದಷ್ಟು ಕಪ್ಪಗಿತ್ತು. ತೋಳುಗಳು ಶಾಯಿಯಂತೆ ನೀಲಿಯಾಗಿದ್ದವು. ಸಂಶಯಕ್ಕೆ ಎಡೆಯೇ ಇಲ್ಲದ, ಪಕ್ಕಾ ನೀಲಿ. ತಜ್ಞರು ಕಣ್ಣು ಮುಚ್ಚಿ ತೆಗೆದರು, ಇನ್ನೂ ನೀಲಿ. ನೆರಳಿಗೆ ಎಳೆದು ನೋಡಿದರು, ಅಲ್ಲೂ ನೀಲಿ.

"ಬಾಯಿ ಮುಚ್ಚಿಕೊಂಡು ಇಸ್ತ್ರಿ ಮಾಡು" ಎಂದರು ಕೊನೆಗೆ. "ಹೀಗೇ ಇರೋದು ಇದು."

ಹೆಂಡತಿಗೆ ಹೇಳಿಬಿಡುವುದು ಒಂದು ದಾರಿ. ಅದನ್ನು ತಜ್ಞರು ಪ್ರಾಮಾಣಿಕವಾಗಿ, ಆಳವಾಗಿ, ಎಲ್ಲ ಕೋನಗಳಿಂದ ಯೋಚಿಸಿ ತಕ್ಷಣ ಕೈಬಿಟ್ಟರು. ತೋಳಿಗೆ ಬೂಟ್ ಪಾಲಿಶ್ ಹಚ್ಚಿದರೆ ಹೇಗೆ ಎಂದೂ ಯೋಚಿಸಿದರು. ಅಧ್ಯಕ್ಷರು ಕೈ ಕುಲುಕಿದವರೆಲ್ಲ ಕಪ್ಪಾಗುತ್ತಾರೆ ಎಂದು ಅದೂ ಬಿದ್ದುಹೋಯಿತು. ಆಗ ಅವರ ತಲೆಯಲ್ಲಿ ಮಿಂಚು ಹೊಡೆಯಿತು. ನಡುಮನೆಯಲ್ಲಿ ಈ ಕೋಟು ಎಷ್ಟು ಚೆನ್ನಾಗಿತ್ತು! ತಪ್ಪು ಕೋಟಿನದಲ್ಲ, ಬಿಸಿಲಿನದು. ಕೋಟು ಬದಲಾಯಿಸಲು ಹೊತ್ತಿಲ್ಲ. ಆದರೆ ಬೆಳಕನ್ನು ಬದಲಾಯಿಸಬಹುದಲ್ಲ!

ಕೋಟನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವರು ನೇರ ಸಭಾಭವನಕ್ಕೆ ಓಡಿದರು. ಅಲ್ಲಿ ಬಲ್ಬಿನ ಅಂಗಡಿಯವನೇ ಏಣಿ ಹತ್ತಿ ದೀಪ ಜೋಡಿಸುತ್ತಿದ್ದ. ಎಲ್ಲವೂ ಹಾಲಿನಂಥ ಬಿಳಿಯ ದೀಪಗಳು. ಕೆಳಗೆ ನಗರಸಭೆಯ ಎಂಜಿನಿಯರರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅಧ್ಯಕ್ಷರ ಹೆಸರು ಕೇಳಿದರೆ ನಿಂತಲ್ಲೇ ನೆಟ್ಟಗಾಗುವ ಮನುಷ್ಯ ಅವರು.

"ನಿಲ್ಲಿಸಿ!" ಎಂದರು ತಜ್ಞರು ಏದುಸಿರು ಬಿಡುತ್ತಾ. "ಈ ಬೆಳಕು ಆಗಲ್ಲ. ಅಧ್ಯಕ್ಷರ ಕೋಟಿಗೆ ಇದು ಒಪ್ಪಲ್ಲ."

"ತಾವು?" ಎಂದರು ಎಂಜಿನಿಯರರು.

"ನಾನು ಅಧ್ಯಕ್ಷರ ಕೋಟಿನ ಕಡೆಯವನು."

ಎಂಜಿನಿಯರರ ಕಿವಿಯಲ್ಲಿ ಉಳಿದದ್ದು ಅಧ್ಯಕ್ಷರ ಕಡೆಯವರು ಎಂಬುದಷ್ಟೇ. ಏಣಿಯ ಮೇಲಿನಿಂದ ಅಂಗಡಿಯವನೂ ಕೂಗಿದ, "ಸಾರ್, ಇವ್ರು ಬೆಳಕಿನ ವಿಷಯ ಅರೆದು ಕುಡಿದಿರೋರು! ರಕ್ತದ ಓಟಕ್ಕೂ ದೀಪಕ್ಕೂ ಇರೋ ಸಂಬಂಧ ಇವ್ರನ್ನ ಕೇಳ್ಬೇಕು ನೀವು!" ಹೀಗೆ ಕೂಗುವಾಗ ಅವನ ಕಣ್ಣೆದುರು ಹಿಂದಿನ ಕೋಣೆಯ ರಾಶಿ ಇತ್ತು ಎಂಬುದನ್ನು ನಾವು ಮರೆಯಬಾರದು.

ಎಂಜಿನಿಯರರು ನೆಟ್ಟಗಾದರು. "ಅಧ್ಯಕ್ಷರು ತಮ್ಮನ್ನ ಕಳಿಸ್ತಾರೆ ಅಂತ ಮೊದಲೇ ತಿಳಿಸಿದ್ರೆ ಕಾರು ಕಳಿಸ್ತಿದ್ದೆ. ಏನ್ ಮಾಡ್ಬೇಕು ಹೇಳಿ ಸಾರ್."

'ಸಾರ್' ಎಂಬ ಪದ ಕಿವಿಗೆ ಬಿದ್ದದ್ದೇ ತಜ್ಞರ ಏದುಸಿರು ನಿಂತಿತು. ಬೆನ್ನು ತಾನಾಗಿ ಹಿಂದಕ್ಕೆ ಬಾಗಿತು. "ಎಲ್ಲಾ ಹೊಂಬೆಳಕು ಆಗ್ಬೇಕು" ಎಂದರು. ಅಂಗಡಿಯವನು ಏಣಿಯಿಂದ ಜಾರಿದಂತೆ ಇಳಿದು ಅಂಗಡಿಗೆ ಓಡಿದ.

"ಕಿಟಕಿ ಪರದೆಗಳು?" ಎಂದರು ಎಂಜಿನಿಯರರು.

"ಮುಚ್ಚಿರಬೇಕು. ಒಂದು ಎಳೆ ಬಿಸಿಲು ಒಳಗೆ ಬಂದ್ರೂ ನಾನು ಜವಾಬ್ದಾರನಲ್ಲ."

"ರಿಬ್ಬನ್ನು ಹೊರಗೆ ಮೆಟ್ಟಿಲ ಮೇಲೆ ಕಟ್ಟಿದೀವಿ."

"ಹೊರಗಾ! ಸಭಾಭವನ ಒಳಗಿರುವಾಗ ಉದ್ಘಾಟನೆ ಹೊರಗೆ ಮಾಡ್ತಾರೇನ್ರೀ? ವೇದಿಕೆ ಮೇಲೆ ಕಟ್ಟಿ."

ಎಂಜಿನಿಯರರು ಇಷ್ಟು ವರ್ಷ ತಾವೆಲ್ಲ ಎಂಥ ತಪ್ಪು ಮಾಡುತ್ತಿದ್ದೆವು ಎಂಬಂತೆ ತಲೆದೂಗಿದರು. ಮೆಟ್ಟಿಲ ಮೇಲಿನ ರಿಬ್ಬನ್ನು ವೇದಿಕೆಗೆ ಬಂತು. ಅಧ್ಯಕ್ಷರು ಕೋಟನ್ನು ವೇದಿಕೆಯ ಹಿಂದಿನ ಕೋಣೆಯಲ್ಲೇ ಹಾಕಿಕೊಳ್ಳಬೇಕು, ಹೊರಗಿನ ಗಾಳಿಗೆ ಅದು ಸುಕ್ಕಾಗುತ್ತದೆ ಎಂದೂ ನಿಯಮವಾಯಿತು. ಮಧ್ಯಾಹ್ನದ ಹೊತ್ತಿಗೆ ಬಂದ ಫೋಟೋಗ್ರಾಫರ್ ಮಾತ್ರ ತಕರಾರು ತೆಗೆದ. "ಈ ಬೆಳಕಲ್ಲಿ ತೆಗೆದ್ರೆ ಎಲ್ಲರೂ ಅರಿಶಿನದ ನೀರಲ್ಲಿ ಎದ್ದು ಬಂದಂಗೆ ಬರ್ತಾರೆ ಸಾರ್. ಗುಂಪಿನ ಫೋಟೋ ಹೊರಗೇ ಆಗ್ಬೇಕು" ಎಂದ. ತಜ್ಞರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನೀನು ಮುಖ ತೆಗೀತೀಯೋ, ಬೆಳಕು ತೆಗೀತೀಯೋ?" ಎಂದು ಕೇಳಿದರು. ಪ್ರಶ್ನೆ ಅರ್ಥವಾಗದೆ ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಟ್ಟ. ಕೇಳಿದವರಿಗೂ ಅರ್ಥವಾಗಿರಲಿಲ್ಲ.

ಮಧ್ಯಾಹ್ನ ಅಧ್ಯಕ್ಷರು ಬರಿಯ ಅಂಗಿಯಲ್ಲಿ ಬಂದಿಳಿದಾಗ ಎಂಜಿನಿಯರರು ಕೈಮುಗಿದು, "ತಮ್ಮ ತಜ್ಞರು ಹೇಳಿದಂತೆ ಎಲ್ಲಾ ಬದಲಾಯಿಸಿದೀವಿ ಸಾರ್" ಎಂದರು. ಯಾವ ತಜ್ಞರು ಎಂದು ಅಧ್ಯಕ್ಷರಿಗೆ ತಿಳಿಯಲಿಲ್ಲ. ಆದರೆ ತಮಗೆ ತಿಳಿಯದ ವಿಷಯವೊಂದು ಇದೆ ಎಂದು ಒಪ್ಪಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ. "ನಾನು ಹೇಳಿದ್ನಲ್ಲ, ಹಾಗೇ ಆಗ್ಬೇಕು" ಎಂದುಬಿಟ್ಟರು. ಒಳಗೆ ಬಂದು ಕೋಟು ತೊಟ್ಟು, ಹೊಂಬೆಳಕಿನಲ್ಲಿ ಮತ್ತೊಮ್ಮೆ ಮದುವೆಯ ವರ್ಷದ ಹುಡುಗನಾಗಿ, ತೃಪ್ತಿಯಿಂದ ಸುತ್ತ ನೋಡಿದರು. "ತಜ್ಞರಿಗೂ ವೇದಿಕೆ ಮೇಲೆ ಒಂದು ಕುರ್ಚಿ ಹಾಕಿಸಿ. ಎರಡು ಮಾತಾಡಲಿ" ಎಂದು ಅಪ್ಪಣೆಯಾಯಿತು.

ತಪ್ಪಿಸಿಕೊಂಡು ಹೋಗಲು ತಜ್ಞರಿಗೆ ಅದೊಂದು ಒಳ್ಳೆಯ ಹೊತ್ತು. ಕೋಟು ತಲುಪಿತ್ತು, ಪರದೆ ಮುಚ್ಚಿತ್ತು, ಸಮವಸ್ತ್ರ ಕೈಗೆ ಬರುವುದರಲ್ಲಿತ್ತು. ಆದರೆ ವೇದಿಕೆ ಮೇಲಿನ ಕುರ್ಚಿ ಎಂದರೇನು! ನೀರು ಸರಬರಾಜು ಕಚೇರಿಯವರು ಇಷ್ಟು ವರ್ಷದಲ್ಲಿ ಅವರಿಗೆ ಕಾಲು ಅಲುಗಾಡದ ಕುರ್ಚಿಯನ್ನೇ ಕೊಟ್ಟಿರಲಿಲ್ಲ. ತಜ್ಞರು ಹೋಗಿ ಕೂತರು.

ಸಭೆ ತುಂಬಿತು. ಮುಂದಿನ ಸಾಲುಗಳಲ್ಲೊಂದರಲ್ಲಿ ಅವರ ಹೆಂಡತಿ ತನ್ನ ಅಕ್ಕನ ಪಕ್ಕ ಬಂದು ಕೂತಳು. ತಾನು ಹೊಲಿದ ಕೋಟು ನೋಡಲು ಬಂದವಳು ಅದರ ಪಕ್ಕದಲ್ಲೇ ಗಂಡನನ್ನು ನೋಡಿ ಅಕ್ಕನ ಕೈ ಹಿಡಿದುಕೊಂಡಳು. "ಇವ್ರು ಅಲ್ಲೇನ್ ಮಾಡ್ತಿದಾರೆ ಅಕ್ಕ?" ಎಂದು ಅವಳ ತುಟಿ ಆಡಿದ್ದು ವೇದಿಕೆಯ ಮೇಲಿಂದಲೂ ಕಾಣುತ್ತಿತ್ತು. ಅಕ್ಕನ ಆಚೆ ಬದಿಗೆ ಷಡ್ಡಕ. ಅವನ ಮುಖದಲ್ಲಿ ರಕ್ತದ ಓಟ ಹದ ತಪ್ಪಿದ್ದು ಹೊಂಬೆಳಕಿನಲ್ಲೂ ಗೊತ್ತಾಗುತ್ತಿತ್ತು.

ರಿಬ್ಬನ್ನು ಕತ್ತರಿಸಲಾಯಿತು. ಅಧ್ಯಕ್ಷರು ಮಾತಾಡಿದರು. "ಈ ಕೋಟು ಹೊಲಿದವರೂ ನಮ್ಮೂರಿನ ಹೆಣ್ಣುಮಗಳೇ" ಎಂದು ಎದೆ ತಟ್ಟಿಕೊಂಡಾಗ ಚಪ್ಪಾಳೆ ಬಿತ್ತು, ಹೆಂಡತಿಯ ಕಣ್ಣು ತುಂಬಿತು. ಅಧ್ಯಕ್ಷರು ತಮ್ಮ ಹೆಂಡತಿಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡರು. ನಂತರ ಬೆಳಕಿನ ತಜ್ಞರನ್ನು ಎರಡು ಮಾತಿಗೆ ಕರೆದರು.

ತಜ್ಞರು ಎರಡು ಮಾತು ಎಂದು ಶುರುಮಾಡಿದ್ದು ಬೇಗ ಇನ್ನೂರು ದಾಟಿತು. ರಕ್ತದ ಓಟ ಬಂತು, ಅರಗುವ ಊಟ ಬಂತು, ಗಂಡ ಹೆಂಡಿರ ಜಗಳ ಬಂತು. ಸಭೆ ತಲೆದೂಗಿತು. ಷಡ್ಡಕನಿಗೆ ತಡೆಯಲಾಗಲಿಲ್ಲ. ಎದ್ದು ನಿಂತೇಬಿಟ್ಟ.

"ಒಂದು ಪ್ರಶ್ನೆ! ಎಷ್ಟೇ ಹೇಳಿ, ಸೂರ್ಯನ ಬೆಳಕಿಗೆ ಸಮ ಯಾವುದಿದೆ? ಹಗಲು ಹೊತ್ತಲ್ಲಿ ಪರದೆ ಮುಚ್ಚಿ ಬಲ್ಬು ಉರಿಸೋದು ಯಾವ ಜಾಣತನ?"

ಸಭೆ ತಜ್ಞರತ್ತ ತಿರುಗಿತು. ಅಲ್ಲಲ್ಲಿ "ಹೌದಲ್ವಾ" ಎಂಬ ಪಿಸುಮಾತು. ಈಗ "ಅದೂ ಒಂದು ಮಾತು" ಎಂದು ನಕ್ಕು ಕೂತಿದ್ದರೆ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಕೇಳಿದವನು ಷಡ್ಡಕ. ಅವನ ಬೀರುವಿನ ಒಳಗೂ ದೀಪ ಇದೆ.

"ಸೂರ್ಯ!" ಎಂದರು ತಜ್ಞರು, ಕಚೇರಿಯ ಜವಾನನ ಸುದ್ದಿ ಎತ್ತಿದವರಂತೆ. "ಸೂರ್ಯನಿಗೆ ಮರ್ಯಾದೆ ಗೊತ್ತಿಲ್ಲ ಭಾವ. ಇರೋದನ್ನೆಲ್ಲಾ ಇದ್ದ ಹಾಗೇ ಒದರಿಬಿಡ್ತಾನೆ. ಏನು ತೋರಿಸ್ಬೇಕು, ಏನು ಮುಚ್ಚಿಡ್ಬೇಕು ಅನ್ನೋ ವಿವೇಕ ಇರೋದು ಒಳ್ಳೇ ದೀಪಕ್ಕೆ ಮಾತ್ರ. ನಂಬಿಕೆ ಬರ್ತಿಲ್ವಾ? ಈಗಲೇ ತೋರಿಸ್ತೀನಿ. ಇಷ್ಟು ಹೊತ್ತು ಎಲ್ಲಾ ಎಷ್ಟು ಚೆನ್ನಾಗಿತ್ತು ನೋಡಿದ್ರಿ. ಈಗ ಬಿಸಿಲಲ್ಲಿ ಏನಾಗುತ್ತೆ ನೋಡಿ. ಎಂಜಿನಿಯರ್ ಸಾಹೇಬ್ರೇ, ಪರದೆ ಸರಿಸಿ!"

ಎಂಜಿನಿಯರರು ನೆಟ್ಟಗಾಗಿ ಕೈ ಬೀಸಿದರು. ಉದ್ದಕ್ಕೂ ಇದ್ದ ಪರದೆಗಳು ಸರ್ರನೆ ಸರಿದವು. ಪಡುವಣದ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ವೇದಿಕೆಯ ಮೇಲೆ ಧಾರಾಳವಾಗಿ ಸುರಿಯಿತು.

ತಜ್ಞರು ಸಭೆಗೆ ಮುಖ ಮಾಡಿ ನಿಂತಿದ್ದರು, ಅಧ್ಯಕ್ಷರು ಅವರ ಬೆನ್ನಿಗಿದ್ದರು. "ಈಗ ನೋಡಿ!" ಎಂದರು ಕೈ ಚಾಚಿ. ಸಭೆ ನೋಡಿತು. ಉಸಿರು ಬಿಡದೆ ನೋಡಿತು. "ಬಣ್ಣ ಎಲ್ಲಾ ಬೇರೆ ಬೇರೆಯಾಗಿ ಕಾಣ್ತಿದೆಯೋ ಇಲ್ವೋ?"

"ಕಾಣ್ತಿದೆ!" ಎಂದಿತು ಸಭೆ, ಒಕ್ಕೊರಲಿನಿಂದ.

"ಮೊದಲು ಒಂದೇ ಆಗಿತ್ತು ತಾನೆ?"

"ಒಂದೇ ಆಗಿತ್ತು!"

"ಈಗ ಎರಡಾಗಿದೆ!" ಎಂದು ಷಡ್ಡಕ ಹಿಗ್ಗಿನಿಂದ ಕೂಗಿದ. "ಮೈ ಕಪ್ಪು, ತೋಳು ನೀಲಿ!"

ಆಗ ತಜ್ಞರಿಗೆ ನೆನಪಾಯಿತು. ಅವರು ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಎಲ್ಲವೂ ಎದುರಿಗಿದ್ದ ಹೆಂಡತಿಯ ಮುಖದಲ್ಲೇ ಕಾಣುತ್ತಿತ್ತು. ಆ ಮುಖದಿಂದ ಬಣ್ಣ ಇಳಿದುಹೋಯಿತು. ಕೋಟನ್ನು ನೋಡಿದಳು, ಮೇಲೆ ಉರಿಯುತ್ತಿದ್ದ ಹೊಂಬಣ್ಣದ ಬಲ್ಬುಗಳನ್ನು ನೋಡಿದಳು, ಮುಚ್ಚಿದ್ದು ತೆರೆದ ಪರದೆಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಎಲ್ಲ ಲೆಕ್ಕ ಸರಿಹೊಂದಿತು. ಎದ್ದು ವೇದಿಕೆ ಹತ್ತಿದಳು.

ಅಧ್ಯಕ್ಷರು ಕೈ ಬಿಡಿಸಿ, ತೋಳು ಚಾಚಿ, ಮತ್ತೆ ಹೊಟ್ಟೆಯ ಮೇಲಿಟ್ಟು ನೋಡಿಕೊಳ್ಳುತ್ತಿದ್ದರು. ಅವರ ಮುಖ ಕೆಂಪಾಗತೊಡಗಿತ್ತು. "ಏನಮ್ಮಾ ಇದು? ನನ್ನ ಮರ್ಯಾದೆ..."

"ತಪ್ಪಾಗಿದೆ ಸಾರ್" ಎಂದಳು ಅವಳು. "ನೀವು ಕೊಟ್ಟ ಬಟ್ಟೆ ತೋಳಿಗೆ ಸಾಲಲಿಲ್ಲ. ಹೊಂದೋ ಬಟ್ಟೆ ತರೋಕೆ ಇವರನ್ನ ಕಳಿಸಿದೆ. ಬಿಸಿಲಲ್ಲಿ ನೋಡಿ ತಂದೆ ಅಂದ್ರು, ನಂಬಿದೆ. ಗಂಡನ ಮಾತು ನಂಬಿದ್ದು ನನ್ನ ತಪ್ಪು. ಹೊಲಿಗೆಯಲ್ಲಿ ತಪ್ಪಿದ್ರೆ ತೋರಿಸಿ." ಎಂದವಳೇ ಅಧ್ಯಕ್ಷರ ತೋಳಿನ ಅಂಚನ್ನು ಮಡಚಿ ಒಳಗಿನ ಹೊಲಿಗೆಯನ್ನು ಬಿಸಿಲಿಗೆ ಹಿಡಿದಳು.

ಸಭೆಯ ಹೆಂಗಸರ ಕಡೆಯಿಂದ ಒಂದು ಸಣ್ಣ ನಗು ಎದ್ದಿತು. ಅದು ಅಪಹಾಸ್ಯದ ನಗುವಲ್ಲ, ತಮ್ಮ ಮನೆಯ ಸುದ್ದಿ ಕೇಳಿದವರ ನಗು. ಅಧ್ಯಕ್ಷರು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಮುಂದೆ ಬಾಗಿದರು. ಊರಿಗೆ ಅಧ್ಯಕ್ಷರು ಅವರ ಗಂಡ, ಮನೆಗೆ ಅವರೇ ಅಧ್ಯಕ್ಷರು. ಮೈಕಿನ ಹತ್ತಿರವೇ ಇದ್ದುದರಿಂದ ಅವರ ಮಾತು ಕೊನೆಯ ಸಾಲಿಗೂ ಕೇಳಿತು.

"ಬಟ್ಟೆ ಯಾಕೆ 'ಸಾಲಲಿಲ್ಲ' ಅಂತ ನಾನು ಹೇಳ್ತೀನಿ ಕೇಳು ತಾಯಿ. ಅಂಗಡೀಲಿ 'ನಿಮ್ಮ ಅಳತೆ ಎಷ್ಟು ಸಾರ್' ಅಂದ್ರೆ ಇವ್ರು ಹೇಳಿದ್ದು ಮದುವೆ ದಿನದ ಅಳತೆ! 'ರೀ, ಟೇಪು ಹಿಡಿಸಿ ನೋಡಿ' ಅಂದೆ. 'ನನ್ನ ಹೊಟ್ಟೆ ನನಗೆ ಗೊತ್ತಿಲ್ವಾ' ಅಂದ್ರು."

ನಗು ಭೋರೆಂದಿತು. ಗಂಡಸರೂ ನಕ್ಕರು, ಸ್ವಲ್ಪ ಜಾಗರೂಕತೆಯಿಂದ. ಅಧ್ಯಕ್ಷರು ಹೊಟ್ಟೆ ಒಳಗೆಳೆದುಕೊಂಡು ನಗುವಂತೆ ಮಾಡಿದರು.

ಅಧ್ಯಕ್ಷರ ಹೆಂಡತಿ ಆ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು, ಒಳಗಿನ ಅಸ್ತರನ್ನು ಎಳೆದು ನೋಡಿದರು, ಕಾಲರಿನ ಮಡಿಕೆ ನೋಡಿದರು. "ಒಂದು ನೂಲು ಆಚೀಚೆ ಇಲ್ಲ" ಎಂದರು. "ಸಮವಸ್ತ್ರ ಇವಳೇ ಹೊಲೀಲಿ. ಬಟ್ಟೆ ತರೋಕೆ ಮಾತ್ರ ನಾನೂ ಇವಳೂ ಇಬ್ರೇ ಹೋಗ್ತೀವಿ. ಏನ್ರೀ?"

"ನಾನು ಹೇಳಿದ್ನಲ್ಲ, ಹಾಗೇ ಆಗ್ಬೇಕು" ಎಂದರು ಅಧ್ಯಕ್ಷರು.

ತಜ್ಞರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕೈಚೀಲದಿಂದ ಅಳತೆಯ ಟೇಪು ತೆಗೆದು ಕೊರಳಿಗೆ ಹಾಕಿಕೊಂಡಳು. ಮುಂದಿನ ಸಾಲಿನಿಂದ ಯಾರೋ ಎದ್ದು ಬಂದರು, ಅವರ ಹಿಂದೆ ಇನ್ನಿಬ್ಬರು, ಪಕ್ಕದ ಮನೆಯಾಕೆ ಎಲ್ಲರನ್ನೂ ಸರಿಸಿಕೊಂಡು ಬಂದಳು. ಕಿಟಕಿಯ ಹತ್ತಿರ, ಬಿಸಿಲು ಚೆನ್ನಾಗಿ ಬೀಳುವಲ್ಲಿ, ಹೆಂಗಸರ ಗುಂಪೇ ನೆರೆಯಿತು. ತೋಳು ಎಷ್ಟು ಉದ್ದ, ಕುತ್ತಿಗೆ ಎಷ್ಟು ಆಳ ಎಂಬ ಮಾತು ಶುರುವಾಯಿತು. ಎಂಜಿನಿಯರರು ಯಾರ ಮುಂದೆ ನೆಟ್ಟಗಾಗಬೇಕೆಂದು ತಿಳಿಯದೆ ಆ ಗುಂಪಿನ ಮುಂದೆ ನೆಟ್ಟಗಾದರು. ಫೋಟೋಗ್ರಾಫರ್ ಕೊನೆಗೂ ಕ್ಯಾಮೆರಾ ಎತ್ತಿಕೊಂಡು ಅತ್ತ ಓಡಿದ.

ವೇದಿಕೆಯ ಮೇಲೆ ಮೈಕಿನ ಮುಂದೆ ತಜ್ಞರು ಒಬ್ಬರೇ ಉಳಿದರು. ಯಾರೂ ಅವರಿಗೆ ಕೂತುಕೊಳ್ಳಿ ಎನ್ನಲಿಲ್ಲ, ಮುಂದುವರಿಸಿ ಎನ್ನಲಿಲ್ಲ, ಬೈಯಲೂ ಇಲ್ಲ. ಹೆಂಡತಿಯ ಕೆಲಸ ಉಳಿದದ್ದಕ್ಕೆ ಅವರ ಎದೆಯ ಮೇಲಿನ ಬಂಡೆ ಇಳಿದಿತ್ತು. ನಿಜವಾಗಿಯೂ ಇಳಿದಿತ್ತು. ಬಂಡೆ ಇಳಿದ ಜಾಗ ಖಾಲಿಯಾಗಿತ್ತು. ಅಲ್ಲಿಗೆ ಅವರ ಹಳೆಯ ಸ್ವಭಾವ ಮೆಲ್ಲಗೆ ಬಂದು ಕೂತಿತು. ಅವರು ಗಂಟಲು ಸರಿಮಾಡಿಕೊಂಡು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಆದ್ದರಿಂದ ಮಹನೀಯರೇ, ನಾನು ಮೊದಲಿನಿಂದ ಹೇಳ್ತಾ ಬಂದಿದ್ದೂ ಇದನ್ನೇ. ಬಣ್ಣ ನೋಡ್ಬೇಕಾದ್ರೆ ಸೂರ್ಯನ ಬೆಳಕಿಗೆ ಸಮ..."

ಹೆಂಡತಿ ತಿರುಗಿ ಕೂಡ ನೋಡಲಿಲ್ಲ. ಪಕ್ಕದ ಮನೆಯಾಕೆಯ ಭುಜಕ್ಕೆ ಟೇಪು ಹಿಡಿದುಕೊಂಡೇ, ಸ್ವಿಚ್ಚುಗಳ ಪಕ್ಕ ನಿಂತಿದ್ದ ಬಲ್ಬಿನ ಅಂಗಡಿಯವನಿಗೆ ಹೇಳಿದಳು:

"ಅಣ್ಣಾ, ಅದೊಂದು ಆರಿಸಿಬಿಡಿ."

ಅವನು ಗಡಿಬಿಡಿಯಲ್ಲಿ ಮೈಕಿನದಷ್ಟೇ ಅಲ್ಲ, ಇದ್ದಬದ್ದ ಸ್ವಿಚ್ಚನ್ನೆಲ್ಲ ಒತ್ತಿಬಿಟ್ಟ. ಸಭಾಭವನದ ಅಷ್ಟೂ ಹೊಂಬಣ್ಣದ ದೀಪಗಳು ಒಟ್ಟಿಗೇ ಆರಿದವು. ಅದು ಯಾರ ಗಮನಕ್ಕೂ ಬರಲಿಲ್ಲ.